ಕರಗುವ ಬಿಂದು ಬಿಡಿ, ಆಕ್ಸಿಜನ್ ಎಷ್ಟಿದೆ ಕೇಳಿ

ಶಬ್ದದ ಐದು ಪಟ್ಟಿಗೂ ಮೀರಿದ ವೇಗದಲ್ಲಿ ಹಾರುವ ಹೈಪರ್‌ಸಾನಿಕ್ ವಾಹನಗಳ ಸುದ್ದಿ ಬಂದಾಗೆಲ್ಲ ಪರಿಚಯದವರು ನನ್ನನ್ನು ಕೇಳುವ ಪ್ರಶ್ನೆ ಒಂದೇ. "ನೀವು ಮಾಡೋ ಆ ಸೆರಾಮಿಕ್ ಎಷ್ಟು ಡಿಗ್ರಿ ತಡೆಯುತ್ತೆ?" ಉತ್ತರ ಸುಲಭ. ಜಿರ್ಕೋನಿಯಂ ಡೈಬೊರೈಡ್ ಕರಗುವುದು ಸುಮಾರು 3245 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಹಾಫ್ನಿಯಂ ಡೈಬೊರೈಡ್ ಸುಮಾರು 3380ರಲ್ಲಿ. ಕೇಳಿದವರು "ಅಬ್ಬಾ" ಅಂತಾರೆ, ಮಾತು ಅಲ್ಲಿಗೆ ಮುಗಿಯುತ್ತದೆ.

ನಾನು ಹಾಟ್ ಪ್ರೆಸ್ ನಡೆಸುವವಳು, ಅಂದರೆ ಪುಡಿಯನ್ನು ಕಾಯಿಸುತ್ತಾ ಒತ್ತಿ ಗಟ್ಟಿ ಮಾಡುವ ಯಂತ್ರ. ಪುಡಿ ಒಳಗೆ ಬರುತ್ತದೆ, ಬಿಲ್ಲೆ ಹೊರಗೆ ಹೋಗುತ್ತದೆ. ಆ 3245 ಅನ್ನೋ ಸಂಖ್ಯೆ ನನ್ನ ದಿನದ ಕೆಲಸದಲ್ಲಿ ಒಮ್ಮೆಯೂ ಬರುವುದಿಲ್ಲ. ನನ್ನ ತಲೆ ತಿನ್ನುವುದು ಪುಡಿಯ ಕಣಗಳ ಮೇಲೆ ಕೂತಿರುವ ತೆಳು ಆಕ್ಸೈಡ್ ಪೊರೆ. ಕುಲುಮೆ 1700 ಡಿಗ್ರಿ ದಾಟುವ ಮೊದಲೇ ಬಿಲ್ಲೆಯ ಹಣೆಬರಹ ಬಹುಪಾಲು ಬರೆದಾಗಿರುತ್ತದೆ. ಅದರ ಕಥೆ ಹೇಳೋಣ ಅಂತ ಕೂತಿದ್ದೇನೆ.

ಮೊದಲು, ಇಷ್ಟೆಲ್ಲ ಪಾಡು ಯಾಕೆ ಅನ್ನುವುದು. 1950ರ ದಶಕದ ಶುರುವಿನಲ್ಲೇ ಅಮೆರಿಕದ ಜೂಲಿಯನ್ ಅಲೆನ್ ಒಂದು ವಿಷಯ ತೋರಿಸಿಕೊಟ್ಟಿದ್ದರು. ವಾತಾವರಣಕ್ಕೆ ಮರಳಿ ಬರುವ ವಾಹನದ ಮೂಗು ಮೊಂಡಾಗಿದ್ದರೆ ಆಘಾತದ ಅಲೆ ದೂರ ನಿಲ್ಲುತ್ತದೆ, ಶಾಖದ ದೊಡ್ಡ ಪಾಲು ಗಾಳಿಯಲ್ಲೇ ಉಳಿಯುತ್ತದೆ. ಬಾಹ್ಯಾಕಾಶದಿಂದ ಇಳಿಯುವವರಿಗೆ ಇದು ಸಾಕು. ಆದರೆ ಗಾಳಿಯಲ್ಲೇ ದೂರ ತೇಲಬೇಕು, ತಿರುಗಬೇಕು ಅನ್ನುವ ವಾಹನಕ್ಕೆ ಮೊಂಡು ಮೂಗು ದೊಡ್ಡ ಹೊರೆ. ಅದಕ್ಕೆ ಚೂಪು ಅಂಚು ಬೇಕು. ಚೂಪಾದಷ್ಟೂ ಶಾಖ ಜಾಸ್ತಿ: ತುದಿಯ ತ್ರಿಜ್ಯ ನಾಲ್ಕನೇ ಒಂದಕ್ಕೆ ಇಳಿದರೆ ಅಲ್ಲಿಗೆ ಬಡಿಯುವ ಶಾಖ ಎರಡು ಪಟ್ಟಾಗುತ್ತದೆ. ಮ್ಯಾಕ್ 7ರಲ್ಲಿ, ಅಂದರೆ ಶಬ್ದದ ಏಳು ಪಟ್ಟು ವೇಗದಲ್ಲಿ, ಮೇಲಿನ ತಣ್ಣನೆ ಗಾಳಿಯಲ್ಲಿ ಹೋಗುವಾಗ, ತುದಿಯಲ್ಲಿ ತಡೆದು ನಿಂತ ಗಾಳಿ ಸರಳ ಲೆಕ್ಕದಲ್ಲೇ 2100 ಡಿಗ್ರಿಯ ಆಸುಪಾಸು ಕಾಯುತ್ತದೆ. ಸ್ಪೇಸ್ ಷಟಲ್‌ನ ಮೂಗಿಗೆ ಹಾಕಿದ್ದ ಕಾರ್ಬನ್-ಕಾರ್ಬನ್ ವಸ್ತುವನ್ನು ಮತ್ತೆ ಮತ್ತೆ ಬಳಸುವುದಕ್ಕೆ ಮಿತಿ ಸುಮಾರು 1650 ಡಿಗ್ರಿ.

ಬೊರೈಡ್‌ಗಳು ಇಲ್ಲಿ ಬರುವುದು ಬರೀ ಕರಗುವುದಿಲ್ಲ ಅನ್ನುವ ಕಾರಣಕ್ಕಲ್ಲ. ಇವು ನೋಡುವುದಕ್ಕೆ ಸೆರಾಮಿಕ್, ನಡೆದುಕೊಳ್ಳುವುದು ಅರ್ಧ ಲೋಹದ ಹಾಗೆ. ವಿದ್ಯುತ್ ಹರಿಸುತ್ತವೆ, ಶಾಖವನ್ನೂ ಚೆನ್ನಾಗಿ ಹರಿಸುತ್ತವೆ. ಸ್ಟೇನ್‌ಲೆಸ್ ಸ್ಟೀಲಿಗಿಂತ ಕೆಲವು ಪಟ್ಟು ಚೆನ್ನಾಗಿ. ಹಾಗಾಗಿ ತುದಿಗೆ ಬಡಿದ ಶಾಖ ಅಲ್ಲೇ ಗುಡ್ಡೆಯಾಗದೆ ಹಿಂದಕ್ಕೆ ಓಡಿ, ಅಗಲವಾದ ಮೈಯಿಂದ ಹೊರಗೆ ಸೂಸಿ ಹೋಗುತ್ತದೆ. ತುದಿಯನ್ನು ಉಳಿಸುವುದು ಈ ಗುಣ. ಜನ ಇದರ ಬಗ್ಗೆ ಕೇಳುವುದೇ ಇಲ್ಲ.

ಒಳಗಿನ ರಚನೆ ಹೀಗಿದೆ: ಬೋರಾನ್ ಪರಮಾಣುಗಳ ಒಂದು ಹಾಳೆ, ಅದರ ಮೇಲೆ ಲೋಹದ ಒಂದು ಹಾಳೆ, ಮತ್ತೆ ಬೋರಾನ್. ಬೋರಾನ್ ಹಾಳೆಯೊಳಗಿನ ಬಂಧ ಬಹಳ ಗಟ್ಟಿ. ಯಾವ ಗಟ್ಟಿತನಕ್ಕಾಗಿ ಇದನ್ನು ಹುಡುಕಿಕೊಂಡು ಹೋದೆವೋ ಅದೇ ಗಟ್ಟಿತನ ಕುಲುಮೆಯಲ್ಲಿ ನಮಗೆ ಅಡ್ಡ ನಿಲ್ಲುತ್ತದೆ. ಪರಮಾಣುಗಳು ಜಾಗ ಬಿಟ್ಟು ಕದಲುವುದಿಲ್ಲ. ಕದಲದೆ ಪುಡಿ ಬೆಸೆದುಕೊಳ್ಳುವುದಿಲ್ಲ. ಶುದ್ಧ ಜಿರ್ಕೋನಿಯಂ ಡೈಬೊರೈಡನ್ನು ಒತ್ತಡವಿಲ್ಲದೆ ಗಟ್ಟಿ ಮಾಡಬೇಕೆಂದರೆ 2100 ಡಿಗ್ರಿ ಮೀರಿ ಗಂಟೆಗಟ್ಟಲೆ ಕಾಯಿಸಬೇಕು. ಅಷ್ಟು ಕಾಯಿಸಿದರೂ ತೂತು ಉಳಿಯುವ ಸಾಧ್ಯತೆಯೇ ಜಾಸ್ತಿ.

ಇನ್ನು ಪುಡಿಯ ವಿಷಯ. ಜಿರ್ಕೋನಿಯಂ ಆಕ್ಸೈಡ್, ಬೋರಾನ್ ಕಾರ್ಬೈಡ್, ಕಾರ್ಬನ್ ಸೇರಿಸಿ ಕಾಯಿಸಿದರೆ ಕಾರ್ಬನ್ ಮಾನಾಕ್ಸೈಡ್ ಹಾರಿಹೋಗಿ ಬೊರೈಡ್ ಉಳಿಯುತ್ತದೆ. ಅಂಗಡಿಯಿಂದ ಬರುವ ಬೂದು ಪುಡಿ ಹೆಚ್ಚಾಗಿ ಇಂಥ ದಾರಿಯಲ್ಲೇ ಆದದ್ದು. ಲೋಹದ ಪುಡಿಯನ್ನೂ ಬೋರಾನ್ ಪುಡಿಯನ್ನೂ ಬೆರೆಸಿ ಕಿಡಿ ಮುಟ್ಟಿಸುವ ದಾರಿಯೂ ಇದೆ. ತಾನೇ ಹೊತ್ತಿಕೊಂಡು ಕ್ಷಣದಲ್ಲಿ ಬೊರೈಡ್ ಆಗುತ್ತದೆ. ನೋಡಲು ಸೊಗಸು, ಕಣದ ಗಾತ್ರ ಹಿಡಿತಕ್ಕೆ ತರುವುದು ಮಾತ್ರ ಕಷ್ಟ.

ಹೇಗೆ ಮಾಡಿದರೂ ಗಾಳಿ ತಾಗಿದ ಮೇಲೆ ಪ್ರತಿ ಕಣದ ಮೈಗೂ ಆಕ್ಸೈಡ್ ಅಂಟುತ್ತದೆ. ಒಂದು ಪಾಲು ಜಿರ್ಕೋನಿಯಾ, ಅಂದರೆ ಜಿರ್ಕೋನಿಯಂ ಆಕ್ಸೈಡ್; ಇನ್ನೊಂದು ಪಾಲು ಬೋರಾನ್ ಆಕ್ಸೈಡ್. ಕಣ ಸಣ್ಣದಾದಷ್ಟೂ ಚೆನ್ನಾಗಿ ಬೆಸೆಯುತ್ತದೆ ಅಂತ ನಾವು ಪುಡಿಯನ್ನು ಮತ್ತೆ ಅರೆಯುತ್ತೇವೆ. ಅರೆದಷ್ಟೂ ಹೊಸ ಮೈ ತೆರೆದುಕೊಳ್ಳುತ್ತದೆ, ಆಕ್ಸಿಜನ್ ಇನ್ನೂ ಏರುತ್ತದೆ. ನೀರಿನಲ್ಲಿ ಅರೆಯುವ ಹಾಗಿಲ್ಲ. ಅಸಿಟೋನ್ ಅಥವಾ ಹೆಕ್ಸೇನ್ ಬೇಕು. ಒಣಗಿಸುವಾಗಲೂ ತಟ್ಟೆಯಲ್ಲಿ ಸುಮ್ನೆ ಇಟ್ಟು ಬಿಡಬಾರದು: ಬೊರೈಡ್‌ನ ಸಾಂದ್ರತೆ ಘನ ಸೆಂಟಿಮೀಟರಿಗೆ 6.1 ಗ್ರಾಂ, ಜೊತೆಗೆ ಬೆರೆಸುವ ಸಿಲಿಕಾನ್ ಕಾರ್ಬೈಡಿನದು (ಯಾಕೆ ಬೆರೆಸುತ್ತೇವೆ ಅಂತ ಮುಂದೆ ಹೇಳುತ್ತೇನೆ) 3.2. ಭಾರದ್ದು ತಳ ಸೇರಿ, ಹಗುರದ್ದು ಮೇಲೆ ಉಳಿಯುತ್ತದೆ. ಅದಕ್ಕೇ ತಿರುಗುವ ಫ್ಲಾಸ್ಕಿನಲ್ಲಿ ದ್ರವ ಆರಿಸುತ್ತೇವೆ. ಇದು ಬೇಜಾರಿನ ಕೆಲಸ. ಆದರೆ ಬಿಲ್ಲೆಯ ಒಂದು ಮುಖಕ್ಕೂ ಇನ್ನೊಂದು ಮುಖಕ್ಕೂ ವ್ಯತ್ಯಾಸ ಬರಬಾರದು ಅಂದರೆ ಬೇರೆ ದಾರಿಯಿಲ್ಲ.

ಸರಿ, ಈ ಆಕ್ಸೈಡ್ ಪೊರೆ ಮಾಡುವ ತೊಂದರೆ ಏನು? ಬೋರಾನ್ ಆಕ್ಸೈಡ್ 450 ಡಿಗ್ರಿಯಲ್ಲೇ ಕರಗುತ್ತದೆ, ಇನ್ನೂ ಕಾದರೆ ಆವಿಯಾಗುತ್ತದೆ. ಈ ಆವಿಯ ನೆರವಿನಿಂದ ವಸ್ತು ಒಂದು ಕಣದ ಮೈಯಿಂದ ಎದ್ದು ಪಕ್ಕದ ಕಣದ ಮೇಲೆ ಹೋಗಿ ಕೂರುತ್ತದೆ. ಕಣಗಳ ನಡುವೆ ಕತ್ತು ಬೆಳೆಯುತ್ತದೆ, ಕಣಗಳೂ ದಪ್ಪವಾಗುತ್ತವೆ. ಆದರೆ ಕಣಗಳು ಒಂದಕ್ಕೊಂದು ಹತ್ತಿರ ಬರುವುದಿಲ್ಲ. ಹೊರಗಿನಿಂದ ನೋಡಿದರೆ ಬೆಸೆದ ಹಾಗೆ ಕಾಣುತ್ತದೆ, ತೂತು ಮಾತ್ರ ಇದ್ದಲ್ಲೇ ಇರುತ್ತದೆ. ಒಮ್ಮೆ ಹೀಗೆ ಕಣ ಬಲಿತ ಮೇಲೆ ಎಷ್ಟು ಕಾಯಿಸಿದರೂ ಅಷ್ಟೇ. ಬೆಸೆಯಲು ಬೇಕಾದ ಹುಮ್ಮಸ್ಸು ಸಣ್ಣ ಕಣಗಳಲ್ಲಿತ್ತು, ಅದು ಖರ್ಚಾಗಿ ಹೋಗಿದೆ.

ಆದ್ದರಿಂದ ಹಾಟ್ ಪ್ರೆಸ್‌ನ ನಿಜವಾದ ಕೆಲಸ ನಡೆಯುವುದು ಒತ್ತಡ ಹಾಕುವ ಮೊದಲು. ಗ್ರಾಫೈಟ್ ಅಚ್ಚಿನ ಒಳಮೈಗೆ ಬೋರಾನ್ ನೈಟ್ರೈಡ್ ಸಿಂಪಡಿಸಿ, ಗ್ರಾಫೈಟ್ ಹಾಳೆ ಸುತ್ತಿ, ಪುಡಿ ತುಂಬಿ, ವ್ಯಾಕ್ಯೂಮ್ ಎಳೆದು ಕಾಯಿಸುತ್ತೇವೆ. 1450ರ ಹತ್ತಿರ ಒಮ್ಮೆ ನಿಲ್ಲಿಸುತ್ತೇವೆ, 1650ರಲ್ಲಿ ಇನ್ನೊಮ್ಮೆ. ಇಲ್ಲಿ ಗಡಿಯಾರ ನೋಡಿ ಮುಂದೆ ಹೋಗಬಾರದು, ವ್ಯಾಕ್ಯೂಮ್ ಗೇಜ್ ನೋಡಿ ಹೋಗಬೇಕು. ಜಿರ್ಕೋನಿಯಾ, ಪುಡಿಗೆ ಸೇರಿಸಿದ ಬೋರಾನ್ ಕಾರ್ಬೈಡ್ ಜೊತೆ ವರ್ತಿಸಿ ಕಾರ್ಬನ್ ಮಾನಾಕ್ಸೈಡ್ ಬಿಡುತ್ತದೆ, ಬೋರಾನ್ ಆಕ್ಸೈಡ್ ಆವಿಯಾಗುತ್ತದೆ, ಗೇಜಿನ ಮುಳ್ಳು ಏರುತ್ತದೆ. ಆಮೇಲೆ ನಿಧಾನಕ್ಕೆ ಇಳಿಯುತ್ತದೆ. ಪೂರ್ತಿ ಇಳಿದು ಸ್ಥಿರವಾಗುವವರೆಗೆ ಕಾಯಬೇಕು. ಅವಸರದಲ್ಲಿ ಒತ್ತಡ ಹಾಕಿದರೆ ಹೊರಹೋಗಬೇಕಾದ ಅನಿಲ ಒಳಗೇ ಸಿಕ್ಕಿಕೊಳ್ಳುತ್ತದೆ. ಗೇಜ್ ಇಳಿದ ಮೇಲೆ ಆರ್ಗಾನ್ ಬಿಟ್ಟು, 30 ಮೆಗಾಪ್ಯಾಸ್ಕಲ್‌ನ ಆಸುಪಾಸು ಒತ್ತಿ, 1900ಕ್ಕೆ ಏರಿಸುತ್ತೇವೆ.

ಈ ಹೊತ್ತಿನಲ್ಲೇ ಇನ್ನೊಂದು ಚೇಷ್ಟೆ ನಡೆಯುತ್ತಿರುತ್ತದೆ. ತಾಪಮಾನ ಓದುವ ಪೈರೋಮೀಟರ್ ಕುಲುಮೆಯ ಗಾಜಿನ ಕಿಂಡಿಯಿಂದ ಒಳಗೆ ನೋಡುತ್ತದೆ. ಅಚ್ಚಿನಿಂದ ಎದ್ದ ಬೋರಾನ್ ಆಕ್ಸೈಡ್ ಆವಿ ತಣ್ಣಗಿರುವ ಆ ಗಾಜಿನ ಮೇಲೆ ಹೋಗಿ ಮಂಜಿನ ಹಾಗೆ ಕೂರುತ್ತದೆ. ಬೆಳಕು ಮಂಕಾಗುತ್ತದೆ, ಯಂತ್ರ 1900 ಇದ್ದದ್ದನ್ನು ಕಡಿಮೆ ಓದುತ್ತದೆ. ಕಂಟ್ರೋಲರ್‌ಗೆ ಏನು ಗೊತ್ತು ಪಾಪ, ಇನ್ನಷ್ಟು ವಿದ್ಯುತ್ ಕೊಡುತ್ತದೆ. ಹಾಗಾಗಿ ನಾನು ಪರದೆಯ ಮೇಲಿನ ಡಿಗ್ರಿಗಿಂತ ವಿದ್ಯುತ್ತಿನ ಅಂಕಿಯನ್ನೇ ಹೆಚ್ಚು ನಂಬುತ್ತೇನೆ. ಅದೇ ಅಚ್ಚು, ಅದೇ ತೂಕ, ಆದರೂ ಕುಲುಮೆ ಎಂದಿಗಿಂತ ಹೆಚ್ಚು ಕಿಲೋವ್ಯಾಟ್ ಕೇಳುತ್ತಿದೆ ಅಂದರೆ ಕಿಂಡಿ ಮಸುಕಾಗಿದೆ ಅಂತ ಅರ್ಥ. ಎರಡು ತರಂಗಾಂತರ ನೋಡುವ ಪೈರೋಮೀಟರ್ ಇದ್ದರೆ ಪೆಟ್ಟು ಕಡಿಮೆ, ಪೂರ್ತಿ ತಪ್ಪುವುದಿಲ್ಲ.

ಒತ್ತುವ ಕಂಬದ ಚಲನೆಯ ಗೆರೆ ನನಗೆ ಬಹಳ ಇಷ್ಟ. ಶುರುವಿನಲ್ಲಿ ಗ್ರಾಫೈಟ್ ಹಿಗ್ಗುವುದರಿಂದ ಗೆರೆ ಹಿಂದಕ್ಕೆ ಹೋಗುತ್ತದೆ. ಆಮೇಲೆ ಒಂದು ಹಂತದಲ್ಲಿ ತಿರುಗಿ ಇಳಿಯಲು ಶುರು. ಇಳಿಜಾರು ಕಡಿದಾಗಿದ್ದರೆ ಪುಡಿ ಶುದ್ಧವಾಗಿದೆ. ಎಳೆದಾಡಿಕೊಂಡು ಇಳಿದರೆ ಒಳಗೆ ಆಕ್ಸೈಡ್ ಉಳಿದಿದೆ. ಗೆರೆ ಚಪ್ಪಟೆಯಾದ ಮೇಲೆ ಇನ್ನೂ ಹಿಡಿದಿಡುವುದರಿಂದ ಕಣ ದಪ್ಪವಾಗುವುದು ಬಿಟ್ಟರೆ ಲಾಭವಿಲ್ಲ.

ಆಕ್ಸಿಜನ್ ತೆಗೆಯುವುದಕ್ಕೆ ಸ್ವಲ್ಪ ಬೋರಾನ್ ಕಾರ್ಬೈಡನ್ನು ಬೇಕೆಂದೇ ಸೇರಿಸುತ್ತೇವೆ. ಅದು ವ್ಯಾಕ್ಯೂಮ್‌ನಲ್ಲಿ 1200ರ ಹತ್ತಿರದಿಂದಲೇ ಜಿರ್ಕೋನಿಯಾವನ್ನು ಮತ್ತೆ ಬೊರೈಡ್ ಮಾಡುತ್ತದೆ. ಅಂದರೆ ಕಣಗಳು ದಪ್ಪವಾಗಲು ಶುರುವಾಗುವ ಮೊದಲೇ. ಬರೀ ಕಾರ್ಬನ್ ಸಾಕು ಅಂದುಕೊಂಡರೆ ಆ ಕೆಲಸಕ್ಕೆ ಇನ್ನೂ ಹೆಚ್ಚು ಶಾಖ ಬೇಕು. ಲೆಕ್ಕ ಸರಳ: ಒಂದು ಕಿಲೋ ಪುಡಿಯಲ್ಲಿ 10 ಗ್ರಾಂ ಆಕ್ಸಿಜನ್ ಇದೆ, ಅಷ್ಟೂ ಜಿರ್ಕೋನಿಯಾ ರೂಪದಲ್ಲಿದೆ ಅಂದರೆ ಸುಮಾರು 12 ಗ್ರಾಂ ಬೋರಾನ್ ಕಾರ್ಬೈಡ್ ಬೇಕು. ಈಗ ಹೇಳಿ, ಪುಡಿಯ ಡಬ್ಬಿಯ ಮೇಲೆ "ಶುದ್ಧತೆ ಶೇ 99" ಅಂತ ಬರೆದಿದ್ದರೆ ಅದರಿಂದ ನನಗೇನು ಉಪಯೋಗ? ಬಹಳ ಸಲ ಆ ಶೇ 99 ಲೋಹಗಳ ಲೆಕ್ಕ, ಆಕ್ಸಿಜನ್ ಅದರಲ್ಲಿ ಸೇರಿರುವುದೇ ಇಲ್ಲ. ಅಳೆದು ನೋಡದೆ ಕಾರ್ಬೈಡ್ ಎಷ್ಟು ಹಾಕಬೇಕು ಅಂತ ಹೇಳಲಾಗುವುದಿಲ್ಲ. ಕಡಿಮೆಯಾದರೆ ಜಿರ್ಕೋನಿಯಾ ಉಳಿಯುತ್ತದೆ, ಜಾಸ್ತಿಯಾದರೆ ಕಾರ್ಬೈಡ್ ಕಣಗಳೇ ಬಿಲ್ಲೆಯೊಳಗೆ ಉಳಿಯುತ್ತವೆ. ಹೊಸ ಡಬ್ಬಿ ತೆರೆದಾಗೆಲ್ಲ, ಮತ್ತು ಅರೆದ ಮೇಲೆ ಇನ್ನೊಮ್ಮೆ, ಆಕ್ಸಿಜನ್ ಅಳೆಸುವುದು ಇದಕ್ಕೇ.

ಬಿಲ್ಲೆ ಹೊರಬಂದ ಮೇಲೆ ಎಲ್ಲರೂ ಕೇಳುವ ಅಂಕಿ ಸಾಂದ್ರತೆ. ಅದರಲ್ಲೂ ಒಂದು ಮೋಸವಿದೆ. ಗಾತ್ರದಲ್ಲಿ 80 ಪಾಲು ಜಿರ್ಕೋನಿಯಂ ಡೈಬೊರೈಡ್, 20 ಪಾಲು ಸಿಲಿಕಾನ್ ಕಾರ್ಬೈಡ್ ಅಂದರೆ ತೂತಿಲ್ಲದ ಬಿಲ್ಲೆಯ ಸಾಂದ್ರತೆ ಸುಮಾರು 5.52 ಬರಬೇಕು. ಅರೆಯಲು ಟಂಗ್‌ಸ್ಟನ್ ಕಾರ್ಬೈಡ್ ಗುಂಡು ಬಳಸಿದ್ದರೆ ಗುಂಡು ಸವೆದು ಪುಡಿಗೆ ಸೇರಿರುತ್ತದೆ. ಅದರ ಸಾಂದ್ರತೆ 15.6. ಗಾತ್ರದಲ್ಲಿ ಶೇ 1ರಷ್ಟು ಸೇರಿದರೂ ಬರಬೇಕಾದ ಅಂಕಿ 5.62ಕ್ಕೆ ಏರುತ್ತದೆ. ಹಳೆಯ ಲೆಕ್ಕದಲ್ಲಿ ಭಾಗಿಸಿದರೆ "ಶೇ 102 ಸಾಂದ್ರತೆ" ಅಂತ ವರದಿ ಬರುತ್ತದೆ! ಶೇ 102 ಬಂದರೆ ನಗು ಬರುತ್ತದೆ, ತಪ್ಪು ತಿಳಿಯುತ್ತದೆ. ಶೇ 99.5 ಬಂದರೆ ಯಾರಿಗೂ ಅನುಮಾನ ಬರುವುದಿಲ್ಲ, ಅಲ್ವಾ? ಒಳಗೆ ಶೇ 2ರಷ್ಟು ತೂತು ಆರಾಮವಾಗಿ ಅಡಗಿರುತ್ತದೆ. ತಮಾಷೆ ಅಂದರೆ ಆ ಟಂಗ್‌ಸ್ಟನ್ ಕಾರ್ಬೈಡ್ ಕೂಡ ಜಿರ್ಕೋನಿಯಾವನ್ನು ತಿಂದು ಬೆಸುಗೆಗೆ ನೆರವಾಗುತ್ತದೆ. ಗೊತ್ತಿದ್ದು ಹಾಕಿದರೆ ಒಳ್ಳೆಯದು, ತಿಳಿಯದೆ ಸೇರಿದರೆ ಲೆಕ್ಕ ಕೆಡುತ್ತದೆ.

ಈ ಎಲ್ಲ ತಕರಾರು ಲ್ಯಾಬಿನ ಗೀಳು ಅಂತ ಯಾರಾದರೂ ಅಂದರೆ ನಾನು ಶಾರ್ಪ್-ಬಿ2 ನೆನಪಿಸುತ್ತೇನೆ. ನಾಸಾದ ಏಮ್ಸ್ ಕೇಂದ್ರ 2000ನೇ ಇಸವಿಯ ಸೆಪ್ಟೆಂಬರಿನಲ್ಲಿ ಮಾಡಿದ ಹಾರಾಟ. ಮಿನಿಟ್‌ಮ್ಯಾನ್ 3 ಕ್ಷಿಪಣಿಯ ತಲೆಗೆ ಬೊರೈಡ್‌ನ ಚೂಪು ರೆಕ್ಕೆಪಟ್ಟಿಗಳನ್ನು ಕೂರಿಸಿ ಕ್ಯಾಲಿಫೋರ್ನಿಯಾದ ವ್ಯಾಂಡನ್‌ಬರ್ಗ್‌ನಿಂದ ಹಾರಿಸಿದರು. ಪೆಸಿಫಿಕ್ ಸಾಗರದಲ್ಲಿ ಬಿದ್ದದ್ದನ್ನು ಹುಡುಕಿ ತೆಗೆದರು. ಹಾಫ್ನಿಯಂ ಡೈಬೊರೈಡ್-ಸಿಲಿಕಾನ್ ಕಾರ್ಬೈಡ್‌ನಿಂದ ಮಾಡಿದ, ಪಟ್ಟಿಗಳ ಹಿಂಭಾಗದ ತುಂಡುಗಳು ನಾಲ್ಕೂ ಹಲವು ಕಡೆ ಒಡೆದಿದ್ದವು. ಆದರೆ ಸುಟ್ಟ, ಕರಗಿದ ಗುರುತಿಲ್ಲ. ಒಡೆದ ಮುಖವನ್ನು ನೋಡಿದಾಗ ಸಿಕ್ಕಿದ್ದು ತಯಾರಿಕೆಯಲ್ಲೇ ಉಳಿದುಬಂದಿದ್ದ ದೋಷಗಳು. ಸರಿಯಾಗಿ ಕಲಸದ ಹಿಟ್ಟಿನಲ್ಲಿ ಗಂಟು ಉಳಿಯುತ್ತದಲ್ಲ, ಪುಡಿಯಲ್ಲೂ ಹಾಗೇ. ಒಂದು ಗಂಟು ಸುತ್ತಲಿನದಕ್ಕಿಂತ ಬೇರೆ ವೇಗದಲ್ಲಿ ಕುಗ್ಗುತ್ತದೆ, ಸುತ್ತ ಸಂದು ಬಿಡುತ್ತದೆ, ಬಿರುಕಿಗೆ ಅಷ್ಟು ಸಾಕು. ಆ ಹಾರಾಟದ ನಂತರ ಏಮ್ಸ್ ಈ ಬೊರೈಡ್ ತಯಾರಿಕೆಯನ್ನು ತನ್ನಲ್ಲೇ ಮಾಡಿ ನೋಡಲು ಹೊರಟಿತು. ನನ್ನ ಮಟ್ಟಿಗೆ ಈ ಕ್ಷೇತ್ರದ ಅತಿ ಮುಖ್ಯ ಪರೀಕ್ಷೆ ಅದೇ. ವಸ್ತು ಶಾಖಕ್ಕೆ ಸೋಲಲಿಲ್ಲ, ಪುಡಿಗೆ ಸೋತಿತು.

ಸಿಲಿಕಾನ್ ಕಾರ್ಬೈಡ್ ಯಾಕೆ ಬೆರೆಸುತ್ತೇವೆ ಅನ್ನುವುದಕ್ಕೂ ಹಳೆಯ ಇತಿಹಾಸವಿದೆ. 1960ರ ದಶಕದಲ್ಲಿ ಅಮೆರಿಕದ ವಾಯುಪಡೆಗಾಗಿ ಮ್ಯಾನ್‌ಲ್ಯಾಬ್ಸ್ ಎಂಬ ಸಂಸ್ಥೆ ಬೊರೈಡ್‌ಗಳನ್ನು ಸಾಲಾಗಿ ಪರೀಕ್ಷಿಸಿತ್ತು. ಗಾತ್ರದಲ್ಲಿ ಸುಮಾರು ಶೇ 20 ಸಿಲಿಕಾನ್ ಕಾರ್ಬೈಡ್ ಅನ್ನುವ ಅಳತೆ ಆಗಿನಿಂದ ಬಂದದ್ದು. ಬರೀ ಬೊರೈಡ್ ಸುಟ್ಟಾಗ ಜಿರ್ಕೋನಿಯಾದ ಮೇಲೆ ದ್ರವ ಬೋರಾನ್ ಆಕ್ಸೈಡ್ ಹರಡಿ 1100 ಡಿಗ್ರಿವರೆಗೆ ಕಾಪಾಡುತ್ತದೆ, ಆಮೇಲೆ ಆವಿಯಾಗಿ ಹೋಗುತ್ತದೆ. ಸಿಲಿಕಾನ್ ಇದ್ದರೆ ಮೈಮೇಲೆ ಬೊರೊಸಿಲಿಕೇಟ್ ಗಾಜು ಕಟ್ಟಿಕೊಳ್ಳುತ್ತದೆ, 1600ರ ಆಚೀಚೆವರೆಗೂ ನಿಲ್ಲುತ್ತದೆ. 1500 ಡಿಗ್ರಿ ಗಾಳಿಯಲ್ಲಿ ಇಟ್ಟು ತೆಗೆದ ತುಂಡನ್ನು ಅಡ್ಡ ಕತ್ತರಿಸಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಪದರ ಪದರವಾಗಿ ಕಾಣುತ್ತದೆ. ಮೇಲೆ ನುಣುಪಾದ ಗಾಜು. ಕೆಳಗೆ ಗಾಜಿನಲ್ಲಿ ಮುಳುಗಿದ ಜಿರ್ಕೋನಿಯಾ ಕಣ. ಶಾಖ ಇನ್ನೂ ಏರಿದ್ದರೆ ಅದರ ಕೆಳಗೆ, ಸಿಲಿಕಾನ್ ಕಾರ್ಬೈಡ್ ಆವಿಯಾಗಿ ಖಾಲಿ ಗೂಡುಗಳು ಮಾತ್ರ ಉಳಿದ ಪದರ. ನನಗೆ ಭಯ ಹುಟ್ಟಿಸುವುದು ಈ ಮೂರನೆಯದು. ಮೇಲಿನ ಪೊರೆಗೆ ಕೆಳಗೆ ಆಸರೆಯೇ ಇಲ್ಲ. ಕುಲುಮೆಯೊಳಗೆ ಗಾಳಿ ನಿಂತಿರುವುದರಿಂದ ಪೊರೆ ಉಳಿದುಕೊಳ್ಳುತ್ತದೆ. ಆದರೆ ಆರ್ಕ್ ಜೆಟ್‌ನ, ಅಂದರೆ ವಿದ್ಯುತ್ತಿನಿಂದ ಕಾಯಿಸಿದ ಗಾಳಿಯನ್ನು ತುಂಡಿನ ಮೇಲೆ ನುಗ್ಗಿಸುವ ಪರೀಕ್ಷಾ ಯಂತ್ರದ, ರಭಸದ ಗಾಳಿ ಗಾಜನ್ನು ಸವರಿಕೊಂಡು ಹೋಗುತ್ತದೆ. ಕುಲುಮೆಯ ಫಲಿತಾಂಶ ಮಾತ್ರ ತೋರಿಸಿ "ಹೈಪರ್‌ಸಾನಿಕ್‌ಗೆ ಸಿದ್ಧ" ಅನ್ನುವವರನ್ನು ಕಂಡರೆ ನನಗೆ ಆಗಲ್ಲ.

ಸಿಲಿಕಾನ್ ಕಾರ್ಬೈಡ್ ಕಣದ ಗಾತ್ರದ ಮೇಲೂ ಕಣ್ಣಿಡಬೇಕು. ತಣಿಯುವಾಗ ಬೊರೈಡ್ ಹೆಚ್ಚು ಕುಗ್ಗುತ್ತದೆ, ಇದು ಕಡಿಮೆ. ಕಣ ಹತ್ತು ಮೈಕ್ರಾನ್ ದಾಟಿ ಬೆಳೆದಿದ್ದರೆ ಸುತ್ತ ಸಣ್ಣ ಬಿರುಕು ತಾನಾಗಿ ಬಿಡುತ್ತದೆ, ಬಲ ದಿಢೀರನೆ ಇಳಿಯುತ್ತದೆ.

ಇನ್ನು ಆಕಾರ. ಹಾಟ್ ಪ್ರೆಸ್ ಕೊಡುವುದು ಬಿಲ್ಲೆ, ಇಟ್ಟಿಗೆ, ಅಷ್ಟೇ. 40 ಮಿಲಿಮೀಟರ್ ಬಿಲ್ಲೆಗೆ 32 ಮೆಗಾಪ್ಯಾಸ್ಕಲ್ ಹಾಕಲು ನಾಲ್ಕು ಟನ್ ಬಲ ಸಾಕು. 300 ಮಿಲಿಮೀಟರ್ ಬಿಲ್ಲೆಗೆ ಅದೇ ಒತ್ತಡ ಬೇಕೆಂದರೆ 230 ಟನ್. ಅಷ್ಟನ್ನು 1900 ಡಿಗ್ರಿಯಲ್ಲಿ ಗ್ರಾಫೈಟ್ ಕಂಬ ಹೊರಬೇಕು. ಸ್ಪಾರ್ಕ್ ಪ್ಲಾಸ್ಮಾ ಯಂತ್ರದಲ್ಲಿ ಅಚ್ಚಿನ ಮೂಲಕವೇ ಕರೆಂಟ್ ಹರಿಸಿ ನಿಮಿಷಗಳಲ್ಲಿ ಮುಗಿಸಬಹುದು, ಕಣವೂ ಸಣ್ಣದಾಗಿ ಉಳಿಯುತ್ತದೆ. ಬಿಲ್ಲೆ ದೊಡ್ಡದಾದಾಗ ನಡುವಿಗೂ ಅಂಚಿಗೂ ಶಾಖದ ಅಂತರ ಬರುತ್ತದೆ. ಜೊತೆಗೆ, ಅಷ್ಟು ಬೇಗ ಏರಿಸಿದರೆ ಆಕ್ಸೈಡ್ ಹೊರಹೋಗಲು ಸಮಯ ಎಲ್ಲಿ? ಒತ್ತಡವಿಲ್ಲದೆ ಬೆಸೆಯುವ ದಾರಿಯೂ ತೆರೆದಿದೆ. ಅಮೆರಿಕದ ಮಿಸೌರಿಯಲ್ಲಿ ಫಾರನ್‌ಹೋಲ್ಟ್ಸ್ ಮತ್ತು ಹಿಲ್ಮಸ್ ಅವರ ಗುಂಪು ಬೋರಾನ್ ಕಾರ್ಬೈಡ್, ಕಾರ್ಬನ್ ಸೇರಿಸಿ ಇದನ್ನು ಚೆನ್ನಾಗಿ ತೋರಿಸಿದೆ. ಕಾರ್ಬನ್ನಿಗೆ ಫೀನಾಲಿಕ್ ರೆಸಿನ್ ಬಳಸಿದರೆ ಅದು ಅಸಿಟೋನಿನಲ್ಲಿ ಕರಗಿ ಪ್ರತಿ ಕಣಕ್ಕೂ ಮೆತ್ತಿಕೊಳ್ಳುತ್ತದೆ, ಸುಟ್ಟಾಗ ಮೈಮೇಲೇ ಕಾರ್ಬನ್ ಉಳಿಯುತ್ತದೆ. ಇದು ನನಗೆ ಬಹಳ ಹಿಡಿಸಿದ ಉಪಾಯ. ಆಕ್ಸೈಡ್ ಎಲ್ಲಿದೆಯೋ ಅಲ್ಲಿಗೇ ಮದ್ದು.

ಬಿಲ್ಲೆಯಿಂದ ಚೂಪು ಅಂಚು ತೆಗೆಯುವಾಗ ಬೊರೈಡ್ ವಿದ್ಯುತ್ ಹರಿಸುವುದು ವರವಾಗುತ್ತದೆ. ವೈರ್ ಕಟ್ ಯಂತ್ರದಲ್ಲಿ ತಂತಿಯ ಕಿಡಿಯಿಂದಲೇ ಕತ್ತರಿಸಬಹುದು. ಕತ್ತರಿಸಿದ ಮೈಮೇಲೆ ಮಾತ್ರ ಕರಗಿ ಹೆಪ್ಪುಗಟ್ಟಿದ ತೆಳು ಪದರ, ಅದರಲ್ಲಿ ಕೂದಲಿಗಿಂತ ಸಣ್ಣ ಬಿರುಕು. ಅದನ್ನು ವಜ್ರದ ಚಕ್ರದಲ್ಲಿ ಉಜ್ಜಿ ತೆಗೆಯಲೇಬೇಕು. ಚೂಪು ತುದಿಯಲ್ಲಿ ಚಕ್ರ ಸ್ವಲ್ಪ ಒತ್ತಿದರೂ ಚಕ್ಕೆ ಏಳುತ್ತದೆ.

ಬಲದ ಅಂಕಿ ಕೊಡುವಾಗ ಎಲ್ಲರೂ 3 ಮಿಲಿಮೀಟರ್ ದಪ್ಪ, 4 ಅಗಲ, 45 ಉದ್ದದ ಪಟ್ಟಿಗಳನ್ನು ನುಣುಪು ಮಾಡಿ ಮುರಿಯುತ್ತಾರೆ. 500 ಮೆಗಾಪ್ಯಾಸ್ಕಲ್ ಮೀರಿ ಬರುತ್ತದೆ, ಚೆನ್ನಾಗಿಯೇ ಕಾಣುತ್ತದೆ. ಆದರೆ ಒಡೆಯುವ ವಸ್ತುವಿನಲ್ಲಿ ತುಂಡು ದೊಡ್ಡದಾದಷ್ಟೂ ಅದರೊಳಗೆ ಒಂದು ಕೆಟ್ಟ ಗಂಟು ಇರುವ ಸಾಧ್ಯತೆ ಹೆಚ್ಚು, ಆ ಒಂದೇ ಗಂಟು ಇಡೀ ತುಂಡಿನ ಬಲವನ್ನು ತೀರ್ಮಾನಿಸುತ್ತದೆ. ಆದ್ದರಿಂದ ನಮ್ಮಲ್ಲಿ ದೊಡ್ಡ ಬಿಲ್ಲೆ ಕತ್ತರಿಸುವಾಗ ನಡುವಿನ ಪಟ್ಟಿ ಬೇರೆ ಚೀಲಕ್ಕೆ, ಅಂಚಿನ ಪಟ್ಟಿ ಬೇರೆ ಚೀಲಕ್ಕೆ ಹೋಗುತ್ತವೆ. ಎರಡನ್ನೂ ಬೆರೆಸಿ ಸರಾಸರಿ ಕೊಡಿ ಅಂತ ಕೇಳುವವರಿಗೆ ಎರಡು ಅಂಕಿಗಳನ್ನೂ ಬೇರೆ ಬೇರೆಯಾಗಿಯೇ ಕಳಿಸುತ್ತೇನೆ. ಜೊತೆಗೆ ಆ ಪುಡಿಯ ಆಕ್ಸಿಜನ್ ವರದಿಯನ್ನೂ.